ಪೂಲ್ ಇರುವ ಮನೆ ಬಾಡಿಗೆಗೆ ಕೊಡುವ ಮುನ್ನ: ಸಿಡ್ನಿಯಲ್ಲಿ ಸರ್ಟಿಫಿಕೇಟ್ ಮಾಡಿಸಿದ ನನ್ನ ಅನುಭವ

ಸಿಡ್ನಿಯ ಹಿಲ್ಸ್ ಭಾಗದಲ್ಲಿ ನಮ್ಮದೊಂದು ಮನೆ ಇದೆ. ಹಿತ್ತಲಲ್ಲಿ ಈಜುಕೊಳ. ನಾವು ಕಟ್ಟಿಸಿದ್ದಲ್ಲ, ಮನೆ ಕೊಂಡಾಗಲೇ ಇತ್ತು. ಯಜಮಾನರಿಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿತು. ಈ ಮನೆಯನ್ನು ಬಾಡಿಗೆಗೆ ಕೊಟ್ಟು ಹೋಗೋಣ ಅಂತ ತೀರ್ಮಾನಿಸಿದೆವು. ಏಜೆಂಟ್ ಮೊದಲು ಕೇಳಿದ್ದೇ ಪೂಲ್ ಸರ್ಟಿಫಿಕೇಟ್, ಅಂದರೆ ಪೂಲ್ ಸುತ್ತಲಿನ ಬೇಲಿ, ಗೇಟು ಎಲ್ಲ ಸುರಕ್ಷತಾ ನಿಯಮಕ್ಕೆ ತಕ್ಕಂತಿವೆ ಅನ್ನುವ ಕಾಗದ. ಅದಿಲ್ಲದೆ ಬಾಡಿಗೆ ಕರಾರಿಗೆ ಸಹಿ ಹಾಕಿಸೋ ಹಾಗೇ ಇಲ್ಲ.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈ ನಿಯಮ 2016ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ. ಪೂಲ್ ಇರುವ ಮನೆ ಮಾರುವವರೂ ಬಾಡಿಗೆಗೆ ಕೊಡುವವರೂ ಇದನ್ನು ಪಾಲಿಸಬೇಕು. ಆದರೆ ಇಬ್ಬರಿಗೂ ಒಂದೇ ಅಳತೆಗೋಲಿಲ್ಲ. ಮಾರುವವರು 'ಪೂಲ್ ಇನ್ನೂ ನಿಯಮಕ್ಕೆ ಸರಿಹೊಂದಿಲ್ಲ' ಅನ್ನುವ ಸರ್ಟಿಫಿಕೇಟನ್ನೇ ಕರಾರಿಗೆ ಲಗತ್ತಿಸಿ ಮಾರಬಹುದು. ಆಗ ದುರಸ್ತಿಯ ಹೊಣೆ ಕೊಂಡವರದ್ದು. ಅವರಿಗೆ ಸೆಟಲ್‌ಮೆಂಟ್ (ಪೂರ್ತಿ ಹಣ ಸಂದಾಯವಾಗಿ ಮನೆ ಕೈಗೆ ಬರುವುದು) ಆದ ಮೇಲೆ 90 ದಿನ ಸಮಯ ಸಿಗುತ್ತದೆ. ಬಾಡಿಗೆಗೆ ಈ ಸಡಿಲಿಕೆ ಇಲ್ಲ. ಎಲ್ಲ ಸರಿಯಿದ್ದರೆ ಮಾತ್ರ ಮನೆ ಕೊಡಬಹುದು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಬಾಡಿಗೆಗೆ ಬಂದವರು ಬೇಲಿಯನ್ನು ತಾವಾಗಿ ಕಿತ್ತು ಕಟ್ಟೋಕೆ ಆಗಲ್ಲ, ಅಲ್ವಾ?

ಮೊದಲು ನೋಡಿದ್ದು ಪೂಲ್ ನೋಂದಣಿ ಆಗಿದೆಯಾ ಅಂತ. ರಾಜ್ಯ ಸರ್ಕಾರದ ಸ್ವಿಮ್ಮಿಂಗ್ ಪೂಲ್ ರಿಜಿಸ್ಟರ್ ಜಾಲತಾಣದಲ್ಲಿ ವಿಳಾಸ ಹಾಕಿದರೆ ಗೊತ್ತಾಗುತ್ತದೆ. ನಾವೇ ಆನ್‌ಲೈನಿನಲ್ಲಿ ನೋಂದಾಯಿಸಿದರೆ ಶುಲ್ಕವಿಲ್ಲ. ನಮ್ಮದನ್ನು ಹಿಂದಿನ ಮಾಲೀಕರು ಮಾಡಿಸಿದ್ದರು, ಆದರೆ ಸರ್ಟಿಫಿಕೇಟಿನ ಅವಧಿ ಮುಗಿದುಹೋಗಿತ್ತು. ಒಮ್ಮೆ ಕೊಟ್ಟದ್ದು ಮೂರು ವರ್ಷ ಮಾತ್ರ ನಡೆಯುತ್ತದೆ.

ಮುಂದಿನ ಪ್ರಶ್ನೆ, ನಮ್ಮ ಪೂಲ್ ಕಟ್ಟಿದ್ದು ಯಾವಾಗ? ಇದನ್ನು ಕೇಳದೆ ಟೇಪ್ ಕೈಗೆ ತೆಗೆದುಕೊಂಡರೆ ಉಪಯೋಗವಿಲ್ಲ. ಯಾವ ಅಳತೆ ಅನ್ವಯಿಸುತ್ತದೆ ಅನ್ನೋದು ಕಟ್ಟಿದ ಕಾಲದ ಮೇಲೆ ನಿಂತಿದೆ. 1990ರ ಆಗಸ್ಟ್‌ಗಿಂತ ಹಿಂದಿನ ಪೂಲ್‌ಗಳಿಗೆ ಒಂದು ರೀತಿ, ನಂತರದವಕ್ಕೆ ಬೇರೆ ರೀತಿ. 2013ರ ಮೇ 1ರಿಂದ ಈಚೆಗೆ ಕಟ್ಟಿದವಕ್ಕೆ 2012ರ ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್. ಹಳೆಯ ಪೂಲ್‌ಗಳಿಗೆ ಕೆಲವು ವಿನಾಯಿತಿಗಳೂ ಇವೆ. ಆದರೆ ಬೇಲಿಯನ್ನು ದೊಡ್ಡದಾಗಿ ಬದಲಾಯಿಸಿದರೆ ಆ ವಿನಾಯಿತಿ ಹೋಗಬಹುದು. ಹಾಗಾಗಿ ಪಕ್ಕದ ಮನೆಯವರ ಸರ್ಟಿಫಿಕೇಟ್ ನೋಡಿ ನಮ್ಮದೂ ಹಾಗೇ ಅಂದುಕೊಳ್ಳಬಾರದು. ನಮ್ಮ ಪೂಲ್ 2015ರದ್ದು. ರಿಜಿಸ್ಟರ್ ಜಾಲತಾಣದಲ್ಲಿ ಆಯಾ ಕಾಲಕ್ಕೆ ತಕ್ಕ ಚೆಕ್‌ಲಿಸ್ಟ್ ಸಿಗುತ್ತದೆ. ನಮ್ಮದನ್ನು ಪ್ರಿಂಟ್ ಮಾಡಿಕೊಂಡು ಒಂದು ಶನಿವಾರ ಬೆಳಿಗ್ಗೆ ಹಿತ್ತಲಿಗೆ ಇಳಿದೆ.

ಮನೆ ಕಡೆಗೆ ಗಾಜಿನ ಬೇಲಿ, ಉಳಿದ ಮೂರು ಕಡೆ ನೆರೆಯವರಿಗೂ ನಮಗೂ ನಡುವೆ ಕಲರ್‌ಬಾಂಡ್ ತಗಡಿನ ಬೇಲಿ. ಗಾಜಿನ ಬೇಲಿ ಹೊರಗಿನ ನೆಲದಿಂದ ಕನಿಷ್ಠ 1200 ಮಿಲಿಮೀಟರ್ ಎತ್ತರ ಇರಬೇಕು. ಕೆಳಗಿನ ಸಂದಿ 100 ಮಿಲಿಮೀಟರ್ ದಾಟಬಾರದು. ಇದಕ್ಕೆ ನಾನು 100 ಮಿಲಿಮೀಟರ್ ಅಗಲದ ಒಂದು ಮರದ ತುಂಡು ಕತ್ತರಿಸಿಕೊಂಡೆ. ಬೇಲಿಯುದ್ದಕ್ಕೂ ಅದನ್ನು ತೂರಿಸಿ ನೋಡುತ್ತಾ ಹೋದೆ. ಟೇಪ್ ಹಿಡಿದು ಬಗ್ಗಿ ಬಗ್ಗಿ ಅಳೆಯೋದಕ್ಕಿಂತ ಬೇಗ ಆಗುತ್ತದೆ. ಮಳೆನೀರು ಹರಿದು ಮಣ್ಣು ಕೊಚ್ಚಿಹೋದ ಕಡೆ ಸಂದಿ ದೊಡ್ಡದಾಗಿರುತ್ತದೆ, ಅಲ್ಲಿ ಜಾಸ್ತಿ ಗಮನ ಬೇಕು. ಎತ್ತರಕ್ಕೆ ಇದರ ತದ್ವಿರುದ್ಧ: ಬೇಲಿಯ ಹೊರಗೆ ಹೊಸದಾಗಿ ಕಲ್ಲು ಹಾಸಿಸಿದರೆ ನೆಲ ಏರುತ್ತದೆ, ಬೇಲಿ ಅಷ್ಟು ಕುಳ್ಳಗಾಗುತ್ತದೆ.

ಇನ್ನೊಂದು, ಹತ್ತಲಾಗದ ಜಾಗ. ಬೇಲಿಯ ಹೊರಮೈಯಲ್ಲಿ, ಮೇಲಿನ ಅಂಚಿನಿಂದ 900 ಮಿಲಿಮೀಟರ್ ದೂರದೊಳಗೆ ಮಗು ಕಾಲಿಟ್ಟು ಹತ್ತುವಂಥದ್ದು ಏನೂ ಇರಬಾರದು. ಕುರ್ಚಿ, ಬಾರ್ಬೆಕ್ಯೂ, ಹೂಕುಂಡ, ಮರದ ಕೊಂಬೆ, ನಲ್ಲಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕರಿಬೇವಿನ ದೊಡ್ಡ ಕುಂಡ ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ಆ ಕಡೆಯೇ ಇತ್ತು. ಇಬ್ಬರೂ ಸೇರಿ ಅದನ್ನು ಗ್ಯಾರೇಜಿನ ಗೋಡೆ ಬದಿಗೆ ಎಳೆದಿಟ್ಟೆವು. ಇಲ್ಲಿ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಕರಿಬೇವು, ವೀಳ್ಯದೆಲೆ, ಮಲ್ಲಿಗೆ ಎಲ್ಲ ಕುಂಡದಲ್ಲೇ ಬೆಳೆಯೋದು. ಪೂಲ್ ಇದ್ದವರು ಆ ಕುಂಡಗಳ ಜಾಗವನ್ನು ಒಮ್ಮೆ ನೋಡಿಕೊಳ್ಳಿ.

ನೆರೆಯವರ ಕಡೆಯ ಬೇಲಿಯ ಲೆಕ್ಕ ಬೇರೆ. ಅದು 1800 ಮಿಲಿಮೀಟರ್ ಇರಬೇಕು. ಎತ್ತರ ಅಳೆಯೋದೂ ಹತ್ತಲಾಗದ 900 ಮಿಲಿಮೀಟರ್ ಬಿಡೋದೂ ಪೂಲ್ ಇರುವ ಒಳಮೈಯಲ್ಲಿ. ಯಾಕೆ ಹೀಗೆ ಅಂತ ಯೋಚಿಸಿದರೆ ನಿಯಮದ ಜಾಣತನ ಕಾಣುತ್ತದೆ. ನೆರೆಯವರು ತಮ್ಮ ಬದಿಯಲ್ಲಿ ಸೌದೆ ಒಟ್ಟಬಹುದು, ಟ್ರ್ಯಾಂಪೊಲೀನ್ ಇಡಬಹುದು. ಅದರ ಮೇಲೆ ನಮ್ಮ ಹಿಡಿತವಿಲ್ಲ. ಅಲ್ಲಿಂದ ಮಗುವೊಂದು ಬೇಲಿಯ ತುದಿಗೆ ಬಂದರೂ ಈ ಕಡೆ ಇಳಿಯೋಕೆ ಆಸರೆ ಸಿಗಬಾರದು. ನಮ್ಮಲ್ಲಿ ತೊಂದರೆ ಇದ್ದದ್ದೂ ಇಲ್ಲೇ. ಹಿಂದಿನ ಮಾಲೀಕರು ನಿಂಬೆಗಿಡಕ್ಕೆ ಅಂತ ಬೇಲಿಗೆ ಒರಗಿಸಿ ಮಣ್ಣು ಏರಿಸಿ ಪಾತಿ ಮಾಡಿದ್ದರು. ಆ ಪಾತಿಯ ಮೇಲೆ ಟೇಪ್ ಇಟ್ಟರೆ ಬೇಲಿ 1800 ಮುಟ್ಟುತ್ತಲೇ ಇರಲಿಲ್ಲ. ಬೇಲಿ ಎತ್ತರಿಸೋದೋ ಮಣ್ಣು ಇಳಿಸೋದೋ? ಬೇಲಿ ಎತ್ತರಿಸಬೇಕಾದರೆ ನೆರೆಯವರ ಒಪ್ಪಿಗೆ, ಖರ್ಚು, ತಿಂಗಳುಗಟ್ಟಲೆ ಮಾತುಕತೆ. ಮಣ್ಣು ತೆಗೆದೆವು. ಅದು ಮುಂದಿನ ಅಂಗಳದ ಗಿಡಗಳಿಗೆ ಹೋಯಿತು. ನಿಂಬೆಗಿಡ ಸ್ನೇಹಿತರ ಮನೆ ಸೇರಿತು.

ಗೇಟಿಗೆ ಅತಿ ಹೆಚ್ಚು ಸಮಯ ಕೊಟ್ಟೆ. ಪೂಲ್ ಸುರಕ್ಷತೆಯ ಜೀವವೇ ಗೇಟು ಅಂತ ನಾನು ನಂಬುತ್ತೇನೆ. ಬೇಲಿ ಎಷ್ಟೇ ಗಟ್ಟಿ ಇರಲಿ, ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವುದು ಅದೊಂದನ್ನೇ. ಗೇಟು ಪೂಲ್‌ನಿಂದ ಆಚೆಗೆ ತೆರೆಯಬೇಕು. ಒಳಕ್ಕೆ ತೆರೆಯುವಂತಿದ್ದರೆ ಮಗು ಒರಗಿದರೂ ಸಾಕು. ಕೈಬಿಟ್ಟ ಕೂಡಲೇ ತಾನೇ ಮುಚ್ಚಿ, ತಾನೇ ಚಿಲಕ ಬೀಳಬೇಕು. ಪೂರ್ತಿ ತೆರೆದು ಬಿಟ್ಟರೆ ನಮ್ಮ ಗೇಟು ರಭಸದಿಂದ ಬಂದು ಟಕ್ ಅಂತ ಮುಚ್ಚುತ್ತಿತ್ತು. ಒಂದು ಗೇಣಷ್ಟೇ ತೆರೆದು ಬಿಟ್ಟರೆ ಚಿಲಕದವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ನೋಡೋಕೆ ಮುಚ್ಚಿದ ಹಾಗೇ ಕಾಣುತ್ತದೆ, ಬೆರಳಲ್ಲಿ ಎಳೆದರೆ ತೆರೆಯುತ್ತದೆ. ಅದಕ್ಕೇ ನಿಯಮ ಹೇಳೋದು, ಯಾವ ಸ್ಥಾನದಿಂದ ಬಿಟ್ಟರೂ ಮುಚ್ಚಿಕೊಳ್ಳಬೇಕು ಅಂತ. ಹಿಂಜಿನ (ಗೇಟು ತಿರುಗುವ ಕೀಲಿನ) ಸ್ಪ್ರಿಂಗ್ ಬಿಗಿ ಮಾಡಿ ನೋಡಿದೆವು, ಸವೆದಿದ್ದರಿಂದ ಪ್ರಯೋಜನವಾಗಲಿಲ್ಲ. ಬೇಲಿ ಕೆಲಸದವರನ್ನು ಕರೆಸಿ ಹಿಂಜುಗಳನ್ನೇ ಬದಲಾಯಿಸಿದೆವು.

ಆಗ ಊರಿನಿಂದ ಮಾವನವರು ಬಂದಿದ್ದರು. ಶಿವಮೊಗ್ಗ ಕಡೆಯ ಹಳ್ಳಿಯವರು, ಹೊಳೆಯಲ್ಲಿ ಈಜಿ ಬೆಳೆದವರು. ನಾನು ಗೇಟನ್ನು ತೆರೆದು ಬಿಡೋದು, ತೆರೆದು ಬಿಡೋದು ಮಾಡುತ್ತಿದ್ದುದನ್ನು ನೋಡಿ, "ಏನಮ್ಮಾ, ನಮ್ಮ ಮನೆ ನೀರಿಗೆ ನಾವು ಬೇಲಿ ಹಾಕೋದಕ್ಕೂ ಸರ್ಕಾರದ ಕಾಗದ ಬೇಕಾ?" ಅಂದರು. ಇಲ್ಲಿ ಐದು ವರ್ಷದೊಳಗಿನ ಮಕ್ಕಳು ನೀರಿಗೆ ಬಿದ್ದು ಸಾಯೋದು ಹೆಚ್ಚಾಗಿ ಮನೆಯ ಪೂಲ್‌ಗಳಲ್ಲೇ ಮಾವ, ಅಂದೆ. ಎಲ್ಲಿಂದಲೋ ಬಂದ ಮಕ್ಕಳಲ್ಲ, ಮನೆಯವೇ, ಇಲ್ಲ ನೆಂಟರವು. ಆಳದಲ್ಲಿ ಈಜಲು ಹೋಗಿ ಆಗುವುದಲ್ಲ. ದೊಡ್ಡವರು ಫೋನ್ ಎತ್ತಿಕೊಳ್ಳಲು ಒಳಗೆ ಹೋದ ಹೊತ್ತಿನಲ್ಲಿ ಆಗುವುದು. ಸದ್ದೂ ಆಗುವುದಿಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮ ಬಾವಿಕಟ್ಟೆ ಇದ್ದ ಹಾಗೆ" ಅಂದರು. ಮರುದಿನ ಹಿಂಜು ಹಾಕುವವರು ಬಂದಾಗ ಪಕ್ಕದಲ್ಲೇ ನಿಂತು ಅವರೇ ಪರೀಕ್ಷೆ ಮಾಡಿಸಿದರು.

ದೀಪಾವಳಿ ಬರುವುದೂ ಇಲ್ಲಿ ಬೇಸಿಗೆ ಶುರುವಾಗುವುದೂ ಒಂದೇ ಸಮಯಕ್ಕೆ. ಮನೆತುಂಬ ಜನ, ಓಡಾಡುವ ಮಕ್ಕಳು. ಅಂಥ ದಿನ ಯಾರೋ ಒಬ್ಬರು ತಟ್ಟೆ-ಲೋಟ ಸಾಗಿಸೋಕೆ ಸುಲಭ ಅಂತ ಗೇಟಿಗೆ ಕುರ್ಚಿ ಕೊಟ್ಟು ತೆರೆದಿಡುತ್ತಾರೆ. ದಯವಿಟ್ಟು ಬಿಡಬೇಡಿ. ಹಿರಿಯರಾದರೂ ಸರಿ, ಹೇಳಿ ಮುಚ್ಚಿಸಿ.

ಸರ್ಟಿಫಿಕೇಟ್ ಕೊಡುವವರು ಎರಡು ಬಗೆ. ಒಂದು ಆಯಾ ಊರಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ. ಮೊದಲ ಪರಿಶೀಲನೆಗೆ ಹೆಚ್ಚೆಂದರೆ 150 ಡಾಲರ್, ಮತ್ತೆ ಬರಬೇಕಾದರೆ ಹೆಚ್ಚೆಂದರೆ 100 ಡಾಲರ್ ಅಂತ ನಿಯಮದಲ್ಲೇ ಮಿತಿ ಇದೆ. ಇನ್ನೊಂದು ಸರ್ಕಾರದಲ್ಲಿ ನೋಂದಾಯಿತರಾದ ಖಾಸಗಿ ಸರ್ಟಿಫೈಯರ್‌ಗಳು. ಅವರ ಶುಲ್ಕಕ್ಕೆ ಮಿತಿಯಿಲ್ಲ, ನಾಲ್ಕು ಕಡೆ ಕೇಳಬೇಕು. ಬೇಸಿಗೆಯಲ್ಲಿ ನಮ್ಮ ಕೌನ್ಸಿಲಿನಿಂದ ದಿನ ಸಿಗುವುದು ತಡವಾಗುತ್ತಿತ್ತು, ನಮಗೆ ಹೊರಡುವ ದಿನ ಹತ್ತಿರ ಬಂದಿತ್ತು. ಖಾಸಗಿಯವರನ್ನೇ ಆರಿಸಿಕೊಂಡೆವು. ಅವರ ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ಸರ್ಕಾರದ ಪಟ್ಟಿಯಲ್ಲಿ ನೋಡಿದ ಮೇಲೇ ಫೋನ್ ಮಾಡಿದ್ದು. ಬೇಲಿ ರಿಪೇರಿಯನ್ನೂ ತಾವೇ ಮಾಡಿಕೊಡುತ್ತೇವೆ ಅನ್ನುವ ಕಂಪನಿಗಳು ಸಿಕ್ಕವು. ತಪ್ಪು ಹುಡುಕುವವರೂ ಅದನ್ನು ಸರಿಮಾಡಿ ದುಡ್ಡು ಪಡೆಯುವವರೂ ಒಬ್ಬರೇ ಆಗುವುದು ನನಗೆ ಸರಿಬರಲಿಲ್ಲ. ಎರಡು ಕೆಲಸಕ್ಕೂ ಬೇರೆ ಬೇರೆಯವರನ್ನು ಕರೆದೆ.

ಸರ್ಟಿಫೈಯರ್ ಟೇಪ್, ಮಟ್ಟಗೋಲು, ಸಂದಿ ಅಳೆಯುವ ಗೇಜ್ ಹಿಡಿದುಕೊಂಡು ಬಂದರು. ಗಾಜಿನ ಪ್ರತಿ ಹಲಗೆಯನ್ನೂ ತಳ್ಳಿ ಅಲ್ಲಾಡುತ್ತದಾ ನೋಡಿದರು. ಪೂಲ್ ಕಡೆಗೆ ತೆರೆಯುವ ಲಾಂಡ್ರಿ ಕಿಟಕಿಯನ್ನು ಎಳೆದು ನೋಡಿದರು. ಅದಕ್ಕೆ 100 ಮಿಲಿಮೀಟರ್‌ಗಿಂತ ಜಾಸ್ತಿ ತೆರೆಯದಂತೆ ತಡೆ ಹಾಕಿದೆ, ಪಾಸಾಯಿತು. ಗೇಟಿಗೂ ಒಪ್ಪಿಗೆ ಸಿಕ್ಕಿತು. ಕೊರತೆ ಕಂಡದ್ದು ಚಿಲಕದ ಹತ್ತಿರ. ನಮ್ಮ ಚಿಲಕ ಗೇಟಿನ ಒಳಮೈಯಲ್ಲಿದೆ, ಮೇಲಿನಿಂದ ಕೈ ಹಾಕಿ ತೆಗೆಯಬೇಕು. ನೆಲದಿಂದ 1500 ಮಿಲಿಮೀಟರ್‌ಗಿಂತ ಕೆಳಗೆ ಚಿಲಕ ಇದ್ದರೆ, ಅದರ ಸುತ್ತ 450 ಮಿಲಿಮೀಟರ್‌ನೊಳಗೆ ಮಗುವಿನ ಬೆರಳು ತೂರುವಂಥ, ಅಂದರೆ 10 ಮಿಲಿಮೀಟರ್‌ಗಿಂತ ದೊಡ್ಡ ಸಂದಿ ಇರಬಾರದು. ಗೇಟಿಗೂ ಪಕ್ಕದ ಗಾಜಿಗೂ ನಡುವೆ ಅದಕ್ಕಿಂತ ಜಾಸ್ತಿ ಜಾಗ ಇತ್ತು. ಅವರು ಲಿಖಿತ ನೋಟಿಸ್ ಕೊಟ್ಟರು. ಆರು ವಾರದೊಳಗೆ ಸರಿಯಾಗದಿದ್ದರೆ ಅದು ಕೌನ್ಸಿಲಿಗೆ ಹೋಗುತ್ತದೆ. ತಕ್ಷಣದ ಅಪಾಯವಿದ್ದರೆ ಕಾಯುವುದೇ ಇಲ್ಲ, ಆಗಲೇ ಕಳಿಸುತ್ತಾರೆ. ನೋಟಿಸ್ ಅಂದಾಗ ಗಾಬರಿ ಬೇಡ. ಏನು, ಎಲ್ಲಿ, ಎಷ್ಟು ಅಂತ ಬರೆದಿರುತ್ತದೆ. ಅದನ್ನೇ ಬೇಲಿ ಕೆಲಸದವರ ಕೈಗೆ ಕೊಟ್ಟೆ. ಪಾರದರ್ಶಕ ಪ್ಲಾಸ್ಟಿಕ್ ಹಲಗೆಯೊಂದನ್ನು ಅಳತೆಗೆ ಕತ್ತರಿಸಿ ಕೂರಿಸಿದರು. ಮರುಪರಿಶೀಲನೆ ಬೇಗ ಮುಗಿಯಿತು. ಸರ್ಟಿಫಿಕೇಟ್ ರಿಜಿಸ್ಟರ್‌ನಲ್ಲೇ ಬಂತು.

ಸಿಪಿಆರ್ (ಉಸಿರು, ಎದೆಬಡಿತ ನಿಂತವರಿಗೆ ಮಾಡುವ ಪ್ರಥಮ ಚಿಕಿತ್ಸೆ) ಫಲಕದ ಬಗ್ಗೆ ಎರಡು ಮಾತು. ಪೂಲ್ ಬಳಿ ಇದು ಕಡ್ಡಾಯ, ಮೂರು ಮೀಟರ್ ದೂರದಿಂದ ಓದುವಂತಿರಬೇಕು. ನಮ್ಮದು ಬಿಸಿಲಿಗೆ ಬಿಳಿಚಿಹೋಗಿತ್ತು, ಹೊಸದು ತಂದು ಹಾಕಿದೆ. ಆದರೆ ಮಗುವನ್ನು ನೀರಿನಿಂದ ಎತ್ತಿದ ಮೇಲೆ ನಿಂತು ಓದುವ ಸ್ಥಿತಿಯಲ್ಲಿ ಯಾರಿರುತ್ತಾರೆ? ಫಲಕ ಹಾಕಿದ ವಾರವೇ ನಾವಿಬ್ಬರೂ ತರಬೇತಿಗೆ ಹೋದೆವು. ಇಲ್ಲಿನ ತುರ್ತು ಸಂಖ್ಯೆ 000ಕ್ಕೆ ಕರೆ, ಎದೆಯ ಮೇಲೆ 30 ಸಲ ಒತ್ತಿ ಎರಡು ಸಲ ಉಸಿರು ಕೊಡುವುದು. ಬೊಂಬೆಯ ಮೇಲೆ ಮಾಡಿ ನೋಡಿದ ಮೇಲೇ ಎಷ್ಟು ಬಲ ಹಾಕಬೇಕು ಅಂತ ಕೈಗೆ ಗೊತ್ತಾಗಿದ್ದು. ಮಕ್ಕಳಿರುವ ಪ್ರತಿ ಮನೆಯಲ್ಲೂ ಒಬ್ಬರಾದರೂ ಇದನ್ನು ಕಲಿತಿರಲಿ ಅನ್ನೋದು ನನ್ನ ಆಸೆ. ಪೂಲ್ ಇಲ್ಲದವರೂ ಅಷ್ಟೇ. ಅಂಗಡಿಯಿಂದ ತಂದು ಗಾಳಿ ತುಂಬುವ ಪೂಲ್‌ನಲ್ಲಿ 300 ಮಿಲಿಮೀಟರ್‌ಗಿಂತ ಜಾಸ್ತಿ ನೀರು ನಿಲ್ಲುವಂತಿದ್ದರೆ ಇಲ್ಲಿ ಅದಕ್ಕೂ ಬೇಲಿ ಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಕರಾರಿಗೆ ಸಹಿ ಹಾಕುವಾಗ ಬಾಡಿಗೆಗೆ ಬಂದವರಿಗೆ ಸರ್ಟಿಫಿಕೇಟಿನ ಪ್ರತಿ ಕೊಟ್ಟೆವು, ಅದು ನಿಯಮ. ಜೊತೆಗೆ ಅವರನ್ನು ಹಿತ್ತಲಿಗೆ ಕರೆದೊಯ್ದು ಗೇಟು ತೋರಿಸಿದೆ. ಕುಂಡ, ಕುರ್ಚಿ ಎಲ್ಲಿ ಇಡಬಾರದು ಅಂತ ಹೇಳಿದೆ. ಅವರಿಗೆ ಎರಡು ವರ್ಷದ ಮಗಳಿದ್ದಾಳೆ. ಗೇಟು ಸಡಿಲವಾದ ಹಾಗೆ ಕಂಡರೆ ಏಜೆಂಟಿಗೆ ಪತ್ರ ಬರೆಯುತ್ತಾ ಕಾಯಬೇಡಿ, ನೇರವಾಗಿ ನನಗೇ ಫೋನ್ ಮಾಡಿ ಅಂದೆ.

ಬ್ರಿಸ್ಬೇನಿನಲ್ಲಿ ನಾವು ಹಿಡಿದ ಬಾಡಿಗೆ ಮನೆಯಲ್ಲೂ ಪೂಲ್ ಇತ್ತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಂದೇ ಮನೆಯವರು ಬಳಸುವ ಪೂಲ್‌ಗೆ ಸರ್ಟಿಫಿಕೇಟ್ ಎರಡು ವರ್ಷ ನಡೆಯುತ್ತದೆ, ಹಲವು ಮನೆಗಳು ಹಂಚಿಕೊಳ್ಳುವ ಪೂಲ್‌ಗೆ ಒಂದೇ ವರ್ಷ. ಮೆಲ್ಬರ್ನಿನಲ್ಲಿರುವ ತಂಗಿಯನ್ನು ಕೇಳಿದರೆ ಅಲ್ಲಿ ಮಾರಲಿ ಬಿಡಲಿ, ನಾಲ್ಕು ವರ್ಷಕ್ಕೊಮ್ಮೆ ಕೌನ್ಸಿಲಿಗೆ ಸಲ್ಲಿಸಲೇಬೇಕು ಅಂದಳು. ಹಾಗಾಗಿ ಒಂದು ರಾಜ್ಯದ ಲೆಕ್ಕ ಇನ್ನೊಂದು ರಾಜ್ಯಕ್ಕೆ ಹೊಂದುವುದಿಲ್ಲ. ಹೊಸ ಮನೆಯ ಸರ್ಟಿಫಿಕೇಟ್ ಚಾಲ್ತಿಯಲ್ಲೇ ಇತ್ತು. ಆದರೂ ಮನೆ ನೋಡಲು ಹೋದ ದಿನ ಗೇಟನ್ನು ಒಂದು ಗೇಣು ತೆರೆದು ಕೈಬಿಟ್ಟೆ. ಚಿಲಕ ಬೀಳಲಿಲ್ಲ. ಏಜೆಂಟಿಗೆ ಅಲ್ಲೇ ತೋರಿಸಿದೆವು. ನಾವು ಬೀಗದ ಕೈ ತೆಗೆದುಕೊಳ್ಳುವ ಮೊದಲೇ ಅದನ್ನು ಸರಿಮಾಡಿಸಿ ಕೊಟ್ಟರು.