ಜೋಗಕ್ಕೆ ಬರುವ ಪ್ರವಾಸಿಗರನ್ನು ಅಧ್ಯಯನ ಮಾಡೋದು ಹೇಗೆ?

ಮಾನವಶಾಸ್ತ್ರದ ಪ್ರಾಜೆಕ್ಟ್‌ಗೆ ಪ್ರವಾಸೋದ್ಯಮ ಆರಿಸಿಕೊಂಡಿದ್ದೀರಾ? ಪ್ರಶ್ನೆಗಳ ಪಟ್ಟಿ ಹಿಡಿದು ಓಡಬೇಡಿ. ಮೊದಲು ಜೋಗದಲ್ಲಿ ಒಂದಿಡೀ ದಿನ ಸುಮ್ನೆ ಕೂತು ನೋಡಿ. ಬಸ್ಸಿಳಿದವರು ಎಷ್ಟು ಹೊತ್ತು ನೀರು ನೋಡುತ್ತಾರೆ, ಎಷ್ಟು ಹೊತ್ತು ನೀರಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಾರೆ, ಬರೆದುಕೊಳ್ಳಿ.

ಆಮೇಲೆ ಯಾವುದಾದರೂ ಹೋಮ್‌ಸ್ಟೇಗೆ ಹೋಗಿ. ಅಸಲಿ ವಿಷಯ ಇರೋದೇ ಅಲ್ಲಿ. ಪ್ರವಾಸಿಗರು ಊರಿನ ನಿಜವಾದ ಬದುಕು ಹುಡುಕಿಕೊಂಡು ಬರುತ್ತಾರೆ, ಆದರೆ ಸಿಗೋದು ಹೆಚ್ಚಾಗಿ ಅವರಿಗೆಂದೇ ಸಜ್ಜು ಮಾಡಿಟ್ಟ ನೋಟ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಡೀನ್ ಮೆಕ್ಯಾನೆಲ್ 1973ರಲ್ಲೇ ಬರೆದಿದ್ದರು. ಜಗುಲಿಯಲ್ಲಿ ಅತಿಥಿಗಳಿಗೆ ಬಿಸಿ ಕಡುಬು ಬಡಿಸುವಾಗ ಒಳಗೆ ಮನೆಯವರ ಊಟಕ್ಕೆ ಏನಿದೆ? ಕೆಲಸ ಯಾರಿಗೆ ಜಾಸ್ತಿಯಾಗಿದೆ, ದುಡ್ಡು ಯಾರ ಕೈ ಸೇರುತ್ತದೆ? ಕರೆಯದೆ ಅಡುಗೆಮನೆಗೆ ನುಗ್ಗಬೇಡಿ. "ಅಕ್ಕಾ, ಕಾಯಿ ತುರಿದುಕೊಡ್ಲಾ?" ಅಂತ ಕೇಳಿ, ಮಾತು ತಾನಾಗಿ ಶುರುವಾಗುತ್ತದೆ.

ಲಿಂಗನಮಕ್ಕಿಯನ್ನು ಮಾತ್ರ ಬಿಡಲೇಬೇಡಿ. 1964ರಲ್ಲಿ ಮುಗಿದ ಆ ಅಣೆಕಟ್ಟು ಎಷ್ಟು ನೀರು ಬಿಡುತ್ತದೆ ಅನ್ನೋದರ ಮೇಲೇ ಜೋಗದ ವೈಭವ ನಿಂತಿದೆ, ಅಲ್ವಾ? ಹಿನ್ನೀರಿನಲ್ಲಿ ಮನೆ, ಗದ್ದೆ ಮುಳುಗಿ ಎದ್ದುಹೋದ ಕುಟುಂಬಗಳ ಹಿರಿಯರು ಈ ಜಲಪಾತವನ್ನು ಹೇಗೆ ನೋಡುತ್ತಾರೆ ಅಂತ ಅವರ ಬಾಯಲ್ಲೇ ಕೇಳಿ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ತಗೊಳ್ಳಿ, ವರದಿಯಲ್ಲಿ ಹೆಸರು ಬದಲಿಸಿ.