ಕೊನೆಯ ಪುಸ್ತಕ ಕೊಯ್ದು ಮೂರು ಮಾಡಿದೆ

ಬಾಡಿಗೆ ಲೈಬ್ರರಿ ನಡೆಸುವವರಿಗೆ ಗೊತ್ತಿರುವುದೇ: ಸರಣಿಯ ಮೊದಲ ಪುಸ್ತಕ ರಟ್ಟು ಕಿತ್ತುಬರುವಷ್ಟು ಓಡಾಡುತ್ತೆ, ಕೊನೆಯದು ಹೊಸದಾಗಿಯೇ ಕೂತಿರುತ್ತೆ. ಮಕ್ಕಳನ್ನು ಒಬ್ಬರನ್ನೊಬ್ಬರು ಕೊಲ್ಲುವ ಆಟಕ್ಕೆ ಇಳಿಸುವ ಕಥೆ ‘ಹಂಗರ್ ಗೇಮ್ಸ್’ ವರ್ಷಕ್ಕೆ ಮೂವತ್ತು ಸಲವಾದರೂ ಹೊರಗೆ ಹೋಗುತ್ತಿತ್ತು. ಅದೇ ಸರಣಿಯ ಕೊನೆಯ ಪುಸ್ತಕ ‘ಮಾಕಿಂಗ್‌ಜೇ’ ಐದಾರು ಸಲ, ಅದೂ ಅರ್ಧ ಓದಿ ವಾಪಸ್. "ಇದರಲ್ಲಿ ಆಟಾನೇ ಇಲ್ಲ ಅಂಕಲ್." 2014, 2015ರಲ್ಲಿ ಎರಡು ಸಿನಿಮಾ ಆಗಿ ಬಂದಿದೆ, ಇನ್ಯಾರು ಓದ್ತಾರೆ, ರದ್ದಿಗೆ ಹಾಕಿ ಎಂದರು ಜೊತೆಯವರು. ನನಗೆ ಮನಸ್ಸು ಬರಲಿಲ್ಲ. ಆ ಕಥೆ ಇಷ್ಟು ದೂರ ನಡೆದು ಬಂದದ್ದೇ ಕೊನೆಯ ಪುಸ್ತಕ ಹೇಳುವ ಮಾತಿಗಾಗಿ.

ಒಟ್ಟು 27 ಅಧ್ಯಾಯ. ಒಂಬತ್ತೊಂಬತ್ತರಂತೆ ಮೂರು ಭಾಗ ಲೇಖಕಿಯೇ ಮಾಡಿಟ್ಟಿದ್ದಾರೆ. ಒಂದೊಂದೇ ಭಾಗ ಬಾಡಿಗೆಗೆ ಕೊಡೋಣ ಎಂದು ಅದೇ ಗಡಿಯಲ್ಲಿ ಕೊಯ್ದೆ. ಮೊದಲ ಪ್ರತಿಗೆ ಪಕ್ಕದ ಹೊಲಿಗೆ ಹಾಕಿದೆ, ಒಳಅಂಚಿನ ಅಕ್ಷರವೆಲ್ಲ ಹೊಲಿಗೆಯೊಳಗೆ ಹೋಯಿತು. ಎರಡನೆಯದಕ್ಕೆ ಬರೀ ಫೆವಿಕಾಲ್, ಒಣಗಿ ಗಡಸಾಗಿ ಹಾಳೆ ಉದುರಿದವು. ಮುನ್ನೂರು ರೂಪಾಯಿ ನೀರಿಗೆ. ಮೂರನೆಯದಕ್ಕೆ ಬೆನ್ನಿಗೆ ಗರಗಸದಿಂದ ಗೀರು ಹಾಕಿ, ದಾರ ಕೂರಿಸಿ ಅಂಟಿಸಿದೆ. ಇವತ್ತಿಗೂ ಒಂದು ಹಾಳೆ ಅಲ್ಲಾಡಿಲ್ಲ. ಅಂಟಿಗೆ ಏನು ಬೆರೆಸಿದೆ ಅನ್ನುವುದು ನನ್ನಲ್ಲೇ ಇರಲಿ.

ಹಳೇ ಪ್ರತಿ ನೂರೈವತ್ತು, ರಟ್ಟು, ಬೈಂಡಿಂಗ್ ಬಟ್ಟೆ ಕ್ಯಾಲಿಕೋ ಸೇರಿ ಅರವತ್ತು. ಆರು ಸೆಟ್‌ಗೆ ಸಾವಿರದ ಮುನ್ನೂರರ ಹತ್ತಿರ. ಬಾಡಿಗೆ ಭಾಗಕ್ಕೆ ಹತ್ತು ರೂಪಾಯಿ, ಮೂರು ದಿನ. ಕಥಾನಾಯಕಿಯ ಜೊತೆಗಾರ ಪೀಟಾನ ರಕ್ತ ನೆಲಕ್ಕೆ ಚಿಮ್ಮುವಲ್ಲಿಗೆ ಮೊದಲ ಭಾಗ ಮುಗಿಯುತ್ತೆ. ಮಾರನೇ ಸಂಜೆ ಬಾಗಿಲು ತೆಗೆಯುವ ಮೊದಲೇ ಹುಡುಗರು ನಿಂತಿದ್ದರು! ಇಪ್ಪತ್ತೆರಡು ಜನರಲ್ಲಿ ಹತ್ತೊಂಬತ್ತು ಜನ ಪೂರ್ತಿ ಓದಿದರು. ನಾಲ್ಕು ತಿಂಗಳಲ್ಲಿ ಅರ್ಧ ದುಡ್ಡೂ ಬಂತು.

ಆ ಹುಮ್ಮಸ್ಸಿನಲ್ಲಿ ‘ಡೈವರ್ಜೆಂಟ್’ ಸರಣಿಯ ಕೊನೆಯ ಪುಸ್ತಕ ‘ಅಲೀಜಿಯಂಟ್’ಗೂ ಕೈ ಹಾಕಿದೆ. ಅದರಲ್ಲಿ ಕಥೆ ಹೇಳುವವರು ಇಬ್ಬರು, ಟ್ರಿಸ್ ಮತ್ತು ಟೋಬಿಯಸ್. ಒಬ್ಬೊಬ್ಬರದನ್ನು ಬೇರೆ ಮಾಡಿ ಅಕ್ಕ-ತಮ್ಮನಿಗೆ ಕೊಟ್ಟೆ. ಇಬ್ಬರಿಗೂ ತಲೆಬುಡ ತಿಳಿಯಲಿಲ್ಲ. ಒಂದು ಪ್ರತಿ ಹೋಯಿತು.

‘ಮಾಕಿಂಗ್‌ಜೇ’ಯ ಮೂರನೇ ಭಾಗದಲ್ಲಿ ಮಾತ್ರ ಇನ್ನೊಂದು ಮಾಡಿದೆ. ಇಷ್ಟು ವರ್ಷ ಆ ಆಟ ಆಡಿಸಿದ ರಾಜಧಾನಿ ಕ್ಯಾಪಿಟಲ್‌ನ ಮಕ್ಕಳನ್ನೇ ಇಟ್ಟು ಕೊನೆಯದೊಂದು ಆಟ ಆಡಿಸೋಣವೇ ಎಂದು ಬಂಡಾಯದ ನಾಯಕಿ ಕಾಯಿನ್ ಮತ ಕೇಳುವ ಕಡೆ, ಮುಂದಿನ ಹಾಳೆಗಳಿಗೆ ಕಾಗದದ ಪಟ್ಟಿ ಸುತ್ತಿದೆ. ತಮ್ಮ ಮತ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದ ಮೇಲೆಯೇ ಪಟ್ಟಿ ಹರಿಯಬೇಕು. ಏಳು ಚೀಟಿ ‘ಆಗಲಿ’ ಎಂದಿದ್ದವು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ದಿನ ಬಿಟ್ಟು ಬಂದು, ತನ್ನ ಚೀಟಿ ವಾಪಸ್ ಕೊಡಿ ಎಂದು ಡಬ್ಬಿ ಹಿಡಿದು ನಿಂತಳು.