ಸಾಕಿದ ಪ್ರಾಣಿಗಳ ನೆನಪಿನ ಪುಸ್ತಕ ಬರೆದಿಡುವುದು ಹೇಗೆ

ಅರವತ್ತು ದಾಟಿದವರಿಗೆ ಮಕ್ಕಳು, ಮೊಮ್ಮಕ್ಕಳು ಒಂದಲ್ಲ ಒಂದು ದಿನ ಹೇಳುತ್ತಾರೆ, ನಿಮ್ಮ ಕಾಲದ್ದೆಲ್ಲ ಬರೆದಿಡಿ ಅಂತ. ಸರಿ ಅಂತ ಕೂತರೆ ಹುಟ್ಟಿದ ಊರು, ಓದಿದ ಶಾಲೆ, ಕೆಲಸ, ಮದುವೆ, ಮಕ್ಕಳು, ನಿವೃತ್ತಿ ಎಲ್ಲ ಸೇರಿ ಒಂದೂವರೆ ಪುಟಕ್ಕೆ ಮುಗಿದುಹೋಗುತ್ತದೆ. ನನಗೂ ಹಾಗೇ ಆಯಿತು. ಎರಡು ವರ್ಷ ಪುಸ್ತಕ ಮುಟ್ಟಲೇ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಸುಮ್ನೆ ನಮ್ಮ ಮನೆಯಲ್ಲಿ ಇದ್ದ ದನ, ನಾಯಿ, ಬೆಕ್ಕುಗಳ ಹೆಸರು ಬರೆಯುತ್ತಾ ಹೋದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹನ್ನೊಂದು ಪುಟ ಆಗಿತ್ತು. ಹೆಸರಿನ ಹಿಂದೆಯೇ ಕೊಟ್ಟಿಗೆ ಬಂತು, ಬಚ್ಚಲು ಒಲೆ ಬಂತು, ಅಮ್ಮನ ಕೈಯ ಕಾಫಿ ಬಂತು. ಅದಕ್ಕೇ ಹೇಳುವುದು, ನೆನಪು ಬರೆಯಬೇಕು ಅಂತ ಇದ್ದರೆ ಪ್ರಾಣಿಗಳಿಂದ ಶುರು ಮಾಡಿ. ಹೇಗೆ ಅಂತ ನಾನು ಮಾಡಿದ ಹಾಗೆಯೇ ಹೇಳುತ್ತೇನೆ.

ಮೊದಲು ಒಂದು 200 ಪುಟದ ಉದ್ದ ನೋಟ್ ಪುಸ್ತಕ ತನ್ನಿ. ಗೆರೆ ಇರಲಿ. ಒಂದು ಪ್ರಾಣಿಗೆ ಕನಿಷ್ಠ ಎರಡು ಹಾಳೆ ಬಿಡಿ. ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ, ಎಡಗಡೆ ಪುಟ ಪೂರ್ತಿ ಖಾಲಿ ಇರಲಿ. ಇದು ತುಂಬ ಮುಖ್ಯ. ನೆನಪು ಒಂದೇ ಸಲಕ್ಕೆ ಬರುವುದಿಲ್ಲ, ಬರೆದು ಮೂರು ದಿನ ಆದ ಮೇಲೆ ಪಾತ್ರೆ ತೊಳೆಯುವಾಗ ಇನ್ನೊಂದು ನೆನಪಾಗುತ್ತದೆ, ಅದಕ್ಕೆ ಜಾಗ ಬೇಕು. ಮನೆಯವರು ಓದಿ ಸೇರಿಸುವುದಕ್ಕೂ ಬೇಕು.

ಈಗ ಹೆಸರುಗಳು. ವರ್ಷದ ಲೆಕ್ಕ ಬೇಡ, ನೆನಪಾದ ಹಾಗೆ ಬರೆಯಿರಿ. ಕೆಂಪಿ, ಬೆಳ್ಳಿ, ತುಂಗೆ, ಕರಿಯ, ಚಿನ್ನಿ, ಪುಟ್ಟ. ಸಾಕಿದ್ದು ಅಂದರೆ ನಾಯಿ ಬೆಕ್ಕು ಮಾತ್ರ ಅಂದುಕೊಳ್ಳಬೇಡಿ. ಹುಟ್ಟಿ ಎಂಟು ದಿನಕ್ಕೆ ಸತ್ತ ಕರುವೂ ಬರಲಿ. ಕಾವು ಕೂತ ಕೋಳಿ ಬರಲಿ. ನಿಮ್ಮದಲ್ಲದಿದ್ದರೂ ದಿನಾ ಅನ್ನಕ್ಕೆ ಬರುತ್ತಿದ್ದ ಬೀದಿನಾಯಿ, ಪಕ್ಕದ ಮನೆಯ ಕುರಿ, ಶಾಲೆಗೆ ಹಿಂದೆಯೇ ಬರುತ್ತಿದ್ದ ನಾಯಿಮರಿ, ಎಲ್ಲವೂ. ಕೆಲವರ ಮನೆಯಲ್ಲಿ ಪಂಜರದ ಗಿಣಿ ಇತ್ತು. ನಮ್ಮ ದೇಶದ ಕಾಡುಗಿಣಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು, ಆಗ ನಮ್ಮ ಹಳ್ಳಿಗಳಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಈಗ ಯಾಕೆ ಸಾಕಬಾರದು ಅನ್ನುವುದನ್ನೂ ಮಕ್ಕಳಿಗೆ ಅಲ್ಲೇ ಒಂದು ಸಾಲು ಹೇಳಿಬಿಡಿ.

ಆಮೇಲೆ ಕಾಲ. ಯಾವ ವರ್ಷ ಅಂತ ನೆನಪಿರುವುದಿಲ್ಲ, ಅಲ್ವಾ? ಹಾಗಿದ್ದರೆ ಊರಿಗೆಲ್ಲ ಗೊತ್ತಿರುವ ಒಂದು ದಿನ ಹಿಡಿದುಕೊಳ್ಳಿ. ನಮ್ಮ ಬೆಕ್ಕು ಪುಟ್ಟ ಅಟ್ಟದ ಮೇಲೆ ಭತ್ತದ ಹುಲ್ಲಿನಲ್ಲಿ ಹುಟ್ಟಿದ್ದು ಸೂರ್ಯಗ್ರಹಣದ ದಿನ. ಅದು 1980ರ ಫೆಬ್ರವರಿ 16, ಶನಿವಾರ. ಹುಬ್ಬಳ್ಳಿ, ರಾಯಚೂರಿನ ಕಡೆ ಹಗಲೇ ಪೂರ್ತಿ ಕತ್ತಲಾಗಿತ್ತು. ನಮ್ಮ ಸಾಗರ ತಾಲೂಕಿನ ಕಡೆಯೂ ಬೆಳಕು ಮಬ್ಬಾಗಿ ಕಾಗೆಗಳು ಮರ ಸೇರಿದ್ದವು. ಅಮ್ಮ ನೀರಿನ ಕೊಡಕ್ಕೆಲ್ಲ ದರ್ಭೆ ಹಾಕಿ ನಮ್ಮನ್ನು ಒಳಗೆ ಕೂರಿಸಿದ್ದರು, ಮೇಲೆ ಅಟ್ಟದಲ್ಲಿ ಮರಿಗಳ ಸಣ್ಣ ದನಿ ಕೇಳುತ್ತಿತ್ತು. ಹೀಗೆ ಒಂದು ದಿನ ಸಿಕ್ಕಿದರೆ ಉಳಿದದ್ದನ್ನು ಅದರ ಹಿಂದೆ ಮುಂದೆ ಕಟ್ಟಿಕೊಂಡು ಹೋಗಬಹುದು.

ಸರಿಯಾದ ದಿನ ಸಿಗದಿದ್ದರೆ ಎರಡು ದಿನಗಳ ನಡುವೆ ಹಿಡಿಯಿರಿ. ನಮ್ಮ ನಾಯಿ ಕರಿಯನನ್ನು ಕುರ್ಕ ಹೊತ್ತುಕೊಂಡು ಹೋಯಿತು (ಮಲೆನಾಡಿನಲ್ಲಿ ಚಿರತೆಗೆ ಹಾಗೆ ಹೇಳುತ್ತೇವೆ). ಯಾವಾಗ? 1984ರ ಅಕ್ಟೋಬರ್ 31ಕ್ಕೆ ಇಂದಿರಾ ಗಾಂಧಿ ತೀರಿಕೊಂಡ ಸುದ್ದಿ ಕೇಳಲು ಅಕ್ಕಪಕ್ಕದವರೆಲ್ಲ ನಮ್ಮ ರೇಡಿಯೋ ಮುಂದೆ ಸೇರಿದ್ದಾಗ ಅವನು ಜಗಲಿಯ ಮೂಲೆಯಲ್ಲಿ ಮಲಗಿದ್ದ, ಚಪ್ಪಲಿಗಳ ರಾಶಿ ಕಾಯುವವನ ಹಾಗೆ. ಮುಂದಿನ ಸಂಕ್ರಾಂತಿಗೆ ಅವನಿಲ್ಲ, ಯಾಕಂದರೆ ಆ ಸಲ ಎಳ್ಳುಬೆಲ್ಲದ ಡಬ್ಬಿ ಹಿಡಿದು ಮನೆಮನೆಗೆ ಹೋಗುವಾಗ ನಮ್ಮ ಹಿಂದೆ ಯಾರೂ ಬರಲಿಲ್ಲ. ಎರಡೂವರೆ ತಿಂಗಳ ಒಳಗೆ ಅಂತಾಯಿತು. ಅಷ್ಟು ಸಾಕು. ಶಿವಮೊಗ್ಗದ ಬಾಡಿಗೆ ಮನೆಯಲ್ಲಿದ್ದ ಬೆಕ್ಕು ಚಿನ್ನಿಯ ಲೆಕ್ಕ ನನಗೆ ಸಿಕ್ಕಿದ್ದು ಡಾ. ರಾಜ್‌ಕುಮಾರ್ ಅಪಹರಣದಿಂದ. 2000ರ ಜುಲೈ 30ರಿಂದ 108 ದಿನ ಮನೆಯಲ್ಲಿ ಟಿವಿ ಆರಿಸುತ್ತಿರಲಿಲ್ಲ, ಆ ಟಿವಿಯ ಬಿಸಿಗೆ ಅದರ ಮೇಲೆಯೇ ಚಿನ್ನಿ ಮಲಗುತ್ತಿತ್ತು. ದನದ ಲೆಕ್ಕ ಇನ್ನೂ ಸುಲಭ. ಕರು ಹಾಕಿದಂತೆಲ್ಲ ಕೊಂಬಿನ ಮೇಲೆ ಉಂಗುರದ ಹಾಗೆ ಗೆರೆ ಮೂಡುತ್ತಾ ಹೋಗುತ್ತದೆ, ಹಿರಿಯರು ಅದನ್ನು ಮುಟ್ಟಿ ನೋಡಿಯೇ ವಯಸ್ಸು ಹೇಳುತ್ತಿದ್ದರು. ಎಷ್ಟು ಕರು ಅಂತ ನೆನಪಾದರೆ ಸುಮಾರು ಎಷ್ಟು ವರ್ಷ ಅಂತ ಗೊತ್ತಾಗುತ್ತದೆ.

ಇನ್ನು ಬರೆಯುವ ರೀತಿ. ಎಲ್ಲರೂ ಎಡವುವುದು ಇಲ್ಲೇ. "ಕರಿಯ ತುಂಬ ನಿಯತ್ತಿನ ನಾಯಿ, ನಮಗೆಲ್ಲ ಅವನ ಮೇಲೆ ಬಹಳ ಪ್ರೀತಿ" ಅಂತ ಬರೆದರೆ ಅದು ಯಾರ ಮನೆಯ ನಾಯಿಯೂ ಆಗಬಹುದು. ಪ್ರೀತಿ ಅನ್ನುವ ಪದವನ್ನೇ ಬಿಟ್ಟು ಬರೆದು ನೋಡಿ. ಒಂದು ದಿನದ ಒಂದು ಗಂಟೆ ಆರಿಸಿಕೊಳ್ಳಿ, ಆ ಗಂಟೆಯಲ್ಲಿ ಆ ಪ್ರಾಣಿ ಎಲ್ಲಿತ್ತು, ನೀವು ಎಲ್ಲಿದ್ದಿರಿ, ಏನು ತಿನ್ನುತ್ತಿದ್ದಿರಿ, ಏನು ವಾಸನೆ ಬರುತ್ತಿತ್ತು, ಅಷ್ಟನ್ನೇ ಬರೆಯಿರಿ.

ನಾನು ಪುಟ್ಟನಿಗೆ ಆರಿಸಿಕೊಂಡದ್ದು ಆರಿದ್ರಾ ಮಳೆಯ ಒಂದು ಸಂಜೆ. ಜೂನ್ ಕೊನೆ, ಬೆಳಗ್ಗೆಯಿಂದ ಬಿಡದೆ ಹೊಯ್ಯುತ್ತಿದೆ. ನಾನು ಶಾಲೆಯಿಂದ ನೆನೆದು ಬಂದು ಬಚ್ಚಲು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದೇನೆ, ಮೇಲೆ ಹಂಡೆಯಲ್ಲಿ ನೀರು ಕಾಯುವ ಗುಂಯ್ ಸದ್ದು. ಒಲೆಯ ಒಂದು ಬದಿಯಲ್ಲಿ ಬೂದಿ ಎಳೆದ ಜಾಗ ಇನ್ನೂ ಬೆಚ್ಚಗಿದೆ, ಪುಟ್ಟ ಅಲ್ಲಿ ಬೂದಿಯ ಒಳಗೇ ಸುತ್ತಿಕೊಂಡು ಮಲಗಿದ್ದಾನೆ. ಬೆಂಕಿಗೆ ತೀರಾ ಹತ್ತಿರ ಮಲಗಿ ಮಲಗಿ ಅವನ ಎಡಗಡೆ ಮೀಸೆ ಸುಟ್ಟು ಸುರುಳಿಯಾಗಿದೆ, ಬಲಗಡೆಯದು ನೆಟ್ಟಗಿದೆ. ನಾನು ಕೆಂಡದ ಕೆಳಗೆ ಹಲಸಿನ ಬೀಜ ಹುಗಿದಿದ್ದೇನೆ. ಒಂದು ಬೀಜ ಟಪ್ಪಂತ ಸಿಡಿಯುತ್ತದೆ. ಪುಟ್ಟ ಕಣ್ಣು ಬಿಡುವುದಿಲ್ಲ, ಕಿವಿ ಮಾತ್ರ ಒಂದು ಸಲ ತಿರುಗಿ ಮತ್ತೆ ವಾಪಸ್ಸು ಬರುತ್ತದೆ. ಅಮ್ಮ ಒಳಗಿಂದ ಕೂಗುತ್ತಾರೆ, "ಬೀಜ ಎಲ್ಲಾ ನೀನೇ ತಿನ್ನಬೇಡ, ತಮ್ಮನಿಗೂ ಇಡು." ಸುಟ್ಟ ಸಿಪ್ಪೆ ಬಿಡಿಸಿದರೆ ಬೆರಳೆಲ್ಲ ಕಪ್ಪು, ಒಳಗಿನದು ಹಿಟ್ಟುಹಿಟ್ಟಾಗಿ ಬಾಯಿ ಸುಡುವಷ್ಟು ಬಿಸಿ, ಒಂದು ಹರಳು ಉಪ್ಪು.

ನೋಡಿ, ನಾನು ಬರೆಯಲು ಹೊರಟಿದ್ದು ಬೆಕ್ಕಿನ ಬಗ್ಗೆ. ಸಿಕ್ಕಿದ್ದು ಬೀಜ ಸುಡುವ ಸುಖ, ಬೆಂಕಿಯ ಸುಖ, ಅಮ್ಮನ ದನಿ. ದಿನದಿನದ ಸಣ್ಣ ಖುಷಿಗಳನ್ನು ನೇರವಾಗಿ ಹುಡುಕಿದರೆ ಸಿಗುವುದಿಲ್ಲ, ಪ್ರಾಣಿಯ ಹಿಂದೆ ಹೋದರೆ ಸಿಗುತ್ತವೆ. ಕೆಂಪಿಯ ಪುಟ ಬರೆಯುವಾಗ ದೀಪಾವಳಿಯ ಗೋಪೂಜೆ ಬಂತು. ಚೆಂಡು ಹೂವು, ಅಡಿಕೆ ಪೋಣಿಸಿದ ಸರ, ಮೈಮೇಲೆ ಕೆಮ್ಮಣ್ಣಿನ ಅಚ್ಚು, ಅಂದು ದನಕ್ಕೆ ಕಡುಬು ಕೊಟ್ಟ ಮೇಲೆಯೇ ನಮಗೆ ಊಟ. ಅದು ಮಲೆನಾಡು ಗಿಡ್ಡ ತಳಿಯ ದನ, ಅಪ್ಪನ ಸೊಂಟದ ಎತ್ತರಕ್ಕಿಂತ ಜಾಸ್ತಿ ಇರಲಿಲ್ಲ, ಹಾಲು ಕಡಿಮೆ. ಆದರೆ ಆ ಹಾಲಿನ ಕೆನೆ ಹೆಪ್ಪು ಹಾಕಿ ಕಡೆದ ಬೆಣ್ಣೆ, ಬಿಸಿ ದೋಸೆ, ಜೋನಿ ಬೆಲ್ಲ! ಹಾಗಾಗಿ ಪ್ರತಿ ಪ್ರಾಣಿಯ ಪುಟ ಮುಗಿಸುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ, ಆಗ ಮನೆಯಲ್ಲಿ ಬೆಳಗಿನ ತಿಂಡಿ ಏನಿತ್ತು, ರೇಡಿಯೋದಲ್ಲಿ ಯಾವ ಹೊತ್ತಿಗೆ ಏನು ಹಾಕುತ್ತಿದ್ದೆವು, ಮಧ್ಯಾಹ್ನ ಎಲ್ಲಿ ಮಲಗುತ್ತಿದ್ದೆವು.

ಕರೆಯುವ ಸದ್ದನ್ನು ತಪ್ಪದೆ ಬರೆಯಿರಿ. ನಾಯಿಗೆ ಕುರೂ ಕುರೂ, ಬೆಕ್ಕಿಗೆ ಪುಸ್ ಪುಸ್, ಕೋಳಿಗೆ ಬಾ ಬಾ ಬಾ. ಒಂದೊಂದು ಮನೆಯಲ್ಲಿ ಒಂದೊಂದು ಥರ ಇರುತ್ತದೆ. ಸಾಧ್ಯವಾದರೆ ಹಿರಿಯರ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ. ಫ್ಯಾನ್ ಆರಿಸಿ, ಫೋನನ್ನು ಮಡಿಚಿದ ಟವೆಲ್ ಮೇಲೆ ಅವರಿಗೆ ಹತ್ತಿರ ಇಡಿ, ಫೋನ್ ಕಡೆ ನೋಡದೆ ಅವರ ಜೊತೆ ಮಾತಾಡಿ. "ಹಳೇ ಕಾಲದ್ದು ಹೇಳಿ" ಅಂದರೆ ಅವರಿಗೆ ಎಲ್ಲಿಂದ ಶುರು ಮಾಡಬೇಕು ಗೊತ್ತಾಗುವುದಿಲ್ಲ. ನಮ್ಮ ಚಿಕ್ಕಮ್ಮನಿಗೆ ಈಗ ಎಂಬತ್ತೆಂಟು, ಬೆಳಗ್ಗೆ ಏನು ತಿಂದೆ ಅನ್ನುವುದು ಮರೆತುಹೋಗುತ್ತದೆ. ನಾನು ಕೇಳಿದ್ದು ಇಷ್ಟೇ, "ಚಿಕ್ಕಮ್ಮಾ, ಕೆಂಪಿಯ ಕೊಂಬು ಹೇಗಿತ್ತು?" ಅವರು ಎರಡೂ ಕೈ ಎತ್ತಿ ಕಿವಿಯ ಮೇಲೆ ಹಿಡಿದು ಬೆರಳು ಒಳಗೆ ಬಾಗಿಸಿ ತೋರಿಸಿದರು, ಎಡಗಡೆ ಬೆರಳು ಸ್ವಲ್ಪ ಜಾಸ್ತಿ ಬಾಗಿಸಿದರು. ಎಡಗೊಂಬು ಡೊಂಕು ಅಂತ ನನಗೇ ಮರೆತಿತ್ತು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಅಕ್ಕಚ್ಚಿಗೆ ಏನೇನು ಹಾಕುತ್ತಿದ್ದರು, ಯಾವ ಸೊಪ್ಪು ಕೆಂಪಿಗೆ ಸೇರುತ್ತಿರಲಿಲ್ಲ, ಎಲ್ಲ. ಆ ರೆಕಾರ್ಡಿಂಗನ್ನು ಫೋನಿನಲ್ಲಿ ಮಾತ್ರ ಬಿಡಬೇಡಿ, ಅವತ್ತೇ ಇನ್ನೆರಡು ಕಡೆ ಹಾಕಿಡಿ.

ಫೋಟೋ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಗ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ ಮಾತ್ರ, ನಾಯಿಗೆ ಯಾರು ಒಂದು ಫೋಟೋ ಖರ್ಚು ಮಾಡುತ್ತಿದ್ದರು? ಅದಕ್ಕೆ ಮದುವೆ, ಮುಂಜಿ, ನಾಮಕರಣದ ಫೋಟೋಗಳ ಅಂಚಿನಲ್ಲಿ ಹುಡುಕಿ. ಕರಿಯನ ಬಾಲ ಮತ್ತು ಹಿಂಗಾಲು ನನಗೆ ಸಿಕ್ಕಿದ್ದು ಅಕ್ಕನ ಮದುವೆಯ ಚಪ್ಪರದ ಫೋಟೋದಲ್ಲಿ, ಭೂತಗನ್ನಡಿ ಹಿಡಿದು ನೋಡಿದಾಗ. ಅಂಟಿನ ಹಾಳೆಯ ಆಲ್ಬಮ್ಮಿನಲ್ಲಿ ಫೋಟೋ ಕಚ್ಚಿಕೊಂಡಿದ್ದರೆ ಕೀಳಬೇಡಿ, ಡೆಂಟಲ್ ಫ್ಲಾಸ್ ದಾರವನ್ನು ಫೋಟೋ ಹಿಂದೆ ತೂರಿಸಿ ಗರಗಸದ ಹಾಗೆ ನಿಧಾನ ಎಳೆಯಿರಿ. ಅದಕ್ಕೂ ಬರದಿದ್ದರೆ ಆಲ್ಬಮ್ಮಿನಲ್ಲೇ ಬಿಟ್ಟು ಸ್ಕ್ಯಾನ್ ಮಾಡಿ. ಸ್ಕ್ಯಾನಿನ ಸ್ಪಷ್ಟತೆ 600 ಡಿಪಿಐ ಇರಲಿ. ಹಿಂದೆ ಹೆಸರು ಬರೆಯುವುದು ಮೆತ್ತನೆಯ ಪೆನ್ಸಿಲ್‌ನಲ್ಲಿ, ಬಾಲ್ ಪೆನ್ನಿನಲ್ಲಿ ಬರೆದರೆ ಮುಂದಕ್ಕೆ ಗೀರು ಮೂಡುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಫೋಟೋ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಈಗ ಮನೆಯಲ್ಲಿ ಪ್ರಾಣಿ ಇರುವವರು ಅದರ ಪುಟವನ್ನು ಇವತ್ತೇ ಶುರು ಮಾಡಿ. ಲಸಿಕೆಯ ಪುಸ್ತಕ ಎಸೆಯಬೇಡಿ, ಅದರಲ್ಲಿ ಹುಟ್ಟಿದ ತಿಂಗಳು, ತೂಕ, ರೇಬೀಸ್ ಲಸಿಕೆ ಹಾಕಿಸಿದ ದಿನ ಎಲ್ಲ ಇರುತ್ತದೆ. ಅದು ಬೊಗಳುವ ಸದ್ದು, ನೀರು ಕುಡಿಯುವ ಸದ್ದು ಒಂದು ನಿಮಿಷ ರೆಕಾರ್ಡ್ ಮಾಡಿ. ಕರಿಯನ ಬೊಗಳು ಹೇಗಿತ್ತು ಅಂತ ಎಷ್ಟು ನೆನಪು ಮಾಡಿಕೊಂಡರೂ ನನಗೆ ಬರುವುದಿಲ್ಲ.

ನೋವಿನ ಪುಟಗಳನ್ನು ಬಿಡಬೇಡಿ. ಸತ್ತದ್ದು ಮಾತ್ರ ಅಲ್ಲ, ನಾವು ಕೊಟ್ಟುಬಿಟ್ಟದ್ದು, ಬಿಟ್ಟುಬಂದದ್ದು, ಆಸ್ಪತ್ರೆಗೆ ಒಂದು ದಿನ ತಡವಾಗಿ ಕರೆದುಕೊಂಡು ಹೋದದ್ದು. ಇಂಥದ್ದನ್ನು ಬೆಳಗಿನ ಹೊತ್ತು ಬರೆಯಿರಿ, ರಾತ್ರಿ ಬೇಡ, ಬರೆದ ಮೇಲೆ ನಿದ್ದೆ ಬರುವುದಿಲ್ಲ. ಸಮರ್ಥನೆ ಬೇಡ, ಆದದ್ದಷ್ಟೇ ಸಾಕು. ನಾನು ಕೊನೆಗೆ ಬರೆದದ್ದು ಕೆಂಪಿಯನ್ನು ಮಾರಿದ ದಿನ. ಅಪ್ಪನಿಗೆ ಕೈಲಾಗುತ್ತಿರಲಿಲ್ಲ, ನಾವ್ಯಾರೂ ಊರಲ್ಲಿ ಇರಲಿಲ್ಲ, ಎರಡು ಹಳ್ಳಿ ಆಚೆಯ ಒಬ್ಬರಿಗೆ ಕೊಟ್ಟರು. ನಾನು ಅವತ್ತು ಶಿವಮೊಗ್ಗದಿಂದ ಬಂದಿದ್ದೆ. ಅವರು ತಂದ ಹೊಸ ಹಗ್ಗ ಕಟ್ಟಿದ ಮೇಲೆ ಅಪ್ಪ ಹಳೆಯ ಕಣ್ಣಿ ಬಿಚ್ಚಿ ಕೈಗೆ ಸುತ್ತಿಕೊಂಡರು. ದನ ಕೊಟ್ಟರೂ ಕಣ್ಣಿ ಕೊಡಬಾರದು ಅಂತ. ಆ ಕಣ್ಣಿ ಕೊಟ್ಟಿಗೆಯ ಗೂಟದಲ್ಲಿ ಅಪ್ಪ ಇರುವವರೆಗೂ ಇತ್ತು. "ಅಪ್ಪ ಒಂದು ಮಾತೂ ಆಡಲಿಲ್ಲ, ಮತ್ತೆ ಯಾವತ್ತೂ ಕೆಂಪಿಯ ಹೆಸರು ಎತ್ತಲಿಲ್ಲ" ಅಂತ ಬರೆದು ಪುಟ ಮುಗಿಸಿದ್ದೆ.

ಮೊನ್ನೆ ತಮ್ಮ ಬಂದಿದ್ದ. ಪುಸ್ತಕ ಕೊಟ್ಟೆ. ಓದುತ್ತಾ ಓದುತ್ತಾ ಪೆನ್ನು ಕೇಳಿದ. ಎಡಗಡೆ ಪುಟದಲ್ಲಿ ಅವನು ಬರೆದದ್ದು ಇದು: "ಅಕ್ಕ, ಮಾರಿದ ಒಂಬತ್ತನೇ ದಿನ ಅಪ್ಪ ತನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಅಲ್ಲಿಗೆ ಕರೆದುಕೊಂಡು ಹೋಗು ಅಂದರು. ಹೋದೆವು. ಅವರ ಮನೆಗೆ ಹೋಗಲಿಲ್ಲ, ಹುಲ್ಲು ಬೇಣದ ಬೇಲಿ ಆಚೆ ನಿಂತೆವು. ಕೆಂಪಿ ಮೇಯುತ್ತಿತ್ತು. ಅಪ್ಪ ಕರೆಯಲಿಲ್ಲ, ಕೆಮ್ಮಿದರು. ಅದು ತಲೆ ಎತ್ತಿ ಬೇಲಿ ಹತ್ತಿರ ಬಂತು. ಅಪ್ಪ ಅಂಗಿ ಜೇಬಿನಿಂದ ಬಾಳೆಹಣ್ಣು ತೆಗೆದು ಕೊಟ್ಟರು. ಅಮ್ಮನಿಗೆ ಹೇಳಬೇಡ ಅಂದರು."

ಆ ಪುಟದಲ್ಲಿ ಇನ್ನೂ ಅರ್ಧ ಜಾಗ ಇದೆ. ಅಕ್ಕ ಮುಂದಿನ ತಿಂಗಳು ಬರುತ್ತಾಳೆ, ಅವಳಿಗೂ ಕೊಡಬೇಕು.